ಮೂರನೇ ಶನಿವಾರ, ಮಂಗನ ಕಾಯಿಲೆ ಮತ್ತು ಒಂದು ಬಿಳಿ ಬೋರ್ಡು

ನಮ್ಮ ತಾಲ್ಲೂಕಿನ ಸರ್ಕಾರಿ ಡಾಕ್ಟರುಗಳು ತಿಂಗಳಿಗೊಮ್ಮೆ ಸೇರಿ ಸಂಶೋಧನಾ ಲೇಖನ ಓದುತ್ತಾರೆ ಅಂದರೆ ಯಾರೂ ಬೇಗ ನಂಬುವುದಿಲ್ಲ. ನಮ್ಮ ಮನೆಯವರೇ ನಂಬಿರಲಿಲ್ಲ. "ಏನು, ಟಾರ್ಗೆಟ್ ಮೀಟಿಂಗಾ?" ಅಂತ ಕೇಳಿದ್ದರು. ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿರುವ ನನಗೆ ಮೀಟಿಂಗುಗಳಿಗೇನೂ ಬರವಿಲ್ಲ. ಲಸಿಕೆ ಎಷ್ಟಾಯ್ತು, ಹೆರಿಗೆ ಎಷ್ಟಾಯ್ತು, ಪೋರ್ಟಲ್‌ಗೆ ಎಂಟ್ರಿ ಯಾಕಾಗಿಲ್ಲ, ಇವೇ ಮಾತು. ಇದು ಹಾಗಲ್ಲ. ಮೂರನೇ ಶನಿವಾರ ಓಪಿಡಿ ಮುಗಿಸಿ ತಾಲ್ಲೂಕು ಆಸ್ಪತ್ರೆಯ ಮೇಲಿನ ಹಾಲ್‌ನಲ್ಲಿ ಕೂರುತ್ತೇವೆ. ಒಂದೇ ಲೇಖನ. ಒಬ್ಬರು ಹೇಳಬೇಕು, ಉಳಿದವರು ತಕರಾರು ತೆಗೆಯಬೇಕು.

ಡಾಕ್ಟರುಗಳಿಗೆ ಸೆಮಿನಾರು ಹೊಸದಲ್ಲ. ಐದು ವರ್ಷಕ್ಕೆ 30 ಗಂಟೆ ಕಲಿಕೆ ಆಗಬೇಕು ಅಂತ 2002ರ ವೈದ್ಯಕೀಯ ಪರಿಷತ್ತಿನ ನಿಯಮಗಳಲ್ಲೇ ಇದೆ. ಆದ್ದರಿಂದ ಭಾನುವಾರಗಳಲ್ಲಿ ಪೇಟೆಯ ಹೋಟೆಲುಗಳಲ್ಲಿ ಸಿಎಂಇ, ಅಂದರೆ ಡಾಕ್ಟರುಗಳ ಮುಂದುವರಿದ ಕಲಿಕೆಯ ಸಭೆಗಳು, ನಡೆಯುತ್ತಲೇ ಇರುತ್ತವೆ. ಅಂಥದ್ದೊಂದಕ್ಕೆ ಹೋಗಿದ್ದೆ. ಡೆಂಗಿ ಬಗ್ಗೆ ಮಾತು. ಸ್ಲೈಡಿನ ಮೇಲೆ ಇದ್ದದ್ದನ್ನೇ ಓದಿದರು, ನಾವೂ ಜೊತೆಗೆ ಓದಿಕೊಂಡೆವು. ಪ್ರಶ್ನೆ ಕೇಳಲು ಸಮಯ ಕೊಡುವಷ್ಟರಲ್ಲಿ ಪಕ್ಕದ ಹಾಲ್‌ನಲ್ಲಿ ಊಟದ ತಟ್ಟೆ ಸದ್ದು ಕೇಳಿಸಿತು, ಸಭೆ ಅಲ್ಲಿಗೆ ಬರಖಾಸ್ತು. ಪನೀರ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕ್ರೆಡಿಟ್ ಅಂಕವೂ ಸಿಕ್ಕಿತು. ನಮ್ಮ ಶನಿವಾರದ ಸಭೆಗೆ ಒಂದೂ ಅಂಕ ಇಲ್ಲ. ಆಸ್ಪತ್ರೆ ಎದುರಿನ ಅಂಗಡಿಯ ಬೋಂಡಾ ಇದೆ ಅಷ್ಟೇ.

ಲೇಖನ ಆರಿಸುವಾಗ ನಮ್ಮದೊಂದು ಹಟ ಇದೆ. ನಮ್ಮ ಜನಕ್ಕೆ ಬರುವ ಕಾಯಿಲೆಯ ಬಗ್ಗೆಯೇ ಇರಬೇಕು. ಹೃದಯದ ಸ್ಟೆಂಟ್ ಬಗ್ಗೆ ಅಮೆರಿಕದಲ್ಲಿ ನಡೆದ ಅಧ್ಯಯನ ಓದಿ ನಾನು ಇಲ್ಲಿ ಏನು ಮಾಡಲಿ? ನನ್ನ ಕೇಂದ್ರದಲ್ಲಿ ಇಸಿಜಿ ಮೆಷಿನ್ನಿನ ಪೇಪರ್ ರೋಲ್ ಸಿಗುವುದೇ ಕಷ್ಟ. ಹಾಗಾಗಿ ಮೊದಲ ಕೆಲವು ತಿಂಗಳು ಇಡೀ ಮಂಗನ ಕಾಯಿಲೆಗೇ ಹೋಯಿತು. ದನ, ಮಂಗಗಳ ಮೈಗೆ ಹತ್ತಿ ರಕ್ತ ಹೀರುವ ಉಣುಗು ಕಚ್ಚಿ ಮನುಷ್ಯರಿಗೆ ಬರುವ ವೈರಸ್ ಜ್ವರ ಇದು. ಅದಕ್ಕೆ ಹೆಸರು ಕೊಟ್ಟ ಕ್ಯಾಸನೂರು ಕಾಡು ಸೊರಬ ತಾಲ್ಲೂಕಿನಲ್ಲೇ ಇದೆ. 1957ರಲ್ಲಿ ಅಲ್ಲಿ ಮಂಗಗಳು ಸಾಯುತ್ತಿವೆ, ಜನರಿಗೂ ಜ್ವರ ಬರುತ್ತಿದೆ ಅನ್ನುವ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಇವತ್ತು ಅದನ್ನೇ ರಾಷ್ಟ್ರೀಯ ವೈರಾಣು ಸಂಸ್ಥೆ, ಅಂದರೆ ಎನ್‌ಐವಿ ಅನ್ನುತ್ತೇವೆ. ದಕ್ಷಿಣ ಅಮೆರಿಕದಲ್ಲಿ ಮಂಗಗಳು ಸಾಯತೊಡಗಿದರೆ ಹಳದಿ ಜ್ವರದ ಮುನ್ಸೂಚನೆ. ಅದೇ ಇಲ್ಲಿಗೂ ಬಂತೇನೋ ಅಂತ ಗಾಬರಿಯಾಗಿ ಓಡಿ ಬಂದರು. ನೋಡಿದರೆ ವೈರಸ್ಸಿನ ನೆಂಟಸ್ತಿಕೆ ಇದ್ದದ್ದು ರಷ್ಯಾ ಕಡೆಯ ಉಣುಗಿನ ಜ್ವರಗಳ ಜೊತೆ. ಆಮೇಲೆ ಸಾಗರದಲ್ಲಿ ಕ್ಷೇತ್ರ ಕೇಂದ್ರ ತೆರೆದು ವರ್ಷಗಟ್ಟಲೆ ಉಣುಗು ಹಿಡಿದರು, ಎಣಿಸಿದರು. ಬೊಶೆಲ್ ಅನ್ನುವ ಕೊಲಂಬಿಯಾದ ವಿಜ್ಞಾನಿ ಇಲ್ಲೇ ಇದ್ದು ಕೆಲಸ ಮಾಡಿ, ಕಾಡು ಕಡಿದು ದನ ಮೇಯಿಸುವುದಕ್ಕೂ ಉಣುಗು ಹೆಚ್ಚುವುದಕ್ಕೂ ಇರುವ ನಂಟಿನ ಬಗ್ಗೆ 1969ರಲ್ಲೇ ಬರೆದಿದ್ದಾರೆ. ನಮ್ಮ ಹಿತ್ತಲಲ್ಲಿ ನಡೆದ ಕೆಲಸ. ಎಂಬಿಬಿಎಸ್‌ನಲ್ಲಿ ನಮಗೆ ಸಿಕ್ಕಿದ್ದು ಪಠ್ಯಪುಸ್ತಕದ ಒಂದು ಪುಟ. ಪರೀಕ್ಷೆಗೆ ಉಣುಗಿನ ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿದ್ದೆವು, ಹಿಮಾಫೈಸಾಲಿಸ್ ಸ್ಪಿನಿಜೆರಾ. ಆ ಹೆಸರು ಇಲ್ಲಿ ಒಬ್ಬ ರೋಗಿಗೂ ಉಪಯೋಗಕ್ಕೆ ಬಂದಿಲ್ಲ.

ಈ ಪೋಸ್ಟ್ ಬರೆಯಲು ಕೂತದ್ದು ಲಸಿಕೆಯ ಲೇಖನ ಓದಿದ ಶನಿವಾರದ ಬಗ್ಗೆ ಹೇಳೋಣ ಅಂತ.

2013ರಲ್ಲಿ ಬಂದ ಲೇಖನ ಅದು. 2005ರಿಂದ 2010ರವರೆಗಿನ ಕರ್ನಾಟಕದ ಲೆಕ್ಕ ಹಿಡಿದು, ಮಂಗನ ಕಾಯಿಲೆಯ ಇಂಜೆಕ್ಷನ್ ಎಷ್ಟು ಜನಕ್ಕೆ ತಲುಪಿತು, ಎಷ್ಟು ಕೆಲಸ ಮಾಡಿತು ಅಂತ ನೋಡಿದ್ದಾರೆ. ಎರಡು ಡೋಸಿಗೆ ಶೇ. 62.4ರಷ್ಟು ರಕ್ಷಣೆ. ಅದರ ಮೇಲೆ ಬೂಸ್ಟರ್ ಹಾಕಿಸಿಕೊಂಡರೆ ಶೇ. 82.9. ತಲುಪಿದ್ದು ಮಾತ್ರ ಕಡಿಮೆ. ಇಂಜೆಕ್ಷನ್ ತುಂಬಾ ನೋಯುತ್ತಿತ್ತು, ಮೊದಲ ಡೋಸಿಗೇ ಜನ ಸಾಕಪ್ಪಾ ಅಂದುಬಿಡುತ್ತಿದ್ದರು.

ಲೇಖನ ಹೇಳುವ ಸರದಿ ನನ್ನದು. ಅಂಕಿ ಹೇಳಿ ಉಸಿರು ಬಿಡುವಷ್ಟರಲ್ಲೇ ಪಕ್ಕದ ಹೋಬಳಿಯ ಸಹೋದ್ಯೋಗಿ ಕೈ ಎತ್ತಿದರು. "ಮೇಡಂ, ಇದೆಲ್ಲ ಪೇಪರ್‌ನಲ್ಲಿ ಸರಿ. ನಮ್ಮಲ್ಲಿ ಆ ವರ್ಷ ಬಂದ ಕೇಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಜೆಕ್ಷನ್ ಆದವರೇ. ಇದು ಯಾವ ಸೀಮೆ ಲಸಿಕೆ?" ಹಾಲ್‌ನಲ್ಲಿ ಅರ್ಧ ಜನ ತಲೆಯಾಡಿಸಿದರು. ಅವರ ಮಾತು ಸುಳ್ಳೇನಲ್ಲ. ಊರಿನವರು ಲಸಿಕೆ ಬೇಡ ಅಂದದ್ದೂ ಇದೇ ಕಾರಣಕ್ಕೆ ಅಲ್ವಾ? "ಅವನು ಹಾಕ್ಸ್ಕೊಂಡಿದ್ದ, ಅವನಿಗೇ ಬಂತು."

ಪ್ರೊಜೆಕ್ಟರ್ ಆರಿಸಿ ಬಿಳಿ ಬೋರ್ಡಿನ ಮೇಲೆ ಬರೆದೆ. ಒಂದು ಊರು, 1000 ಜನ ಅಂದುಕೊಳ್ಳಿ. 800 ಜನಕ್ಕೆ ಎರಡು ಡೋಸ್ ಆಗಿದೆ, 200 ಜನಕ್ಕೆ ಆಗಿಲ್ಲ. ಲಸಿಕೆ ಇಲ್ಲದವರಲ್ಲಿ ನೂರಕ್ಕೆ ಐವರಿಗೆ ಕಾಯಿಲೆ ಬರುತ್ತದೆ ಅಂತ ಇಟ್ಟುಕೊಂಡರೆ 200ರಲ್ಲಿ 10 ಕೇಸು. ಲಸಿಕೆ ಆದವರಲ್ಲಿ ಅದು ಶೇ. 62.4ರಷ್ಟು ಇಳಿಯಬೇಕು. ಅಂದರೆ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ. 800ಕ್ಕೆ ಲೆಕ್ಕ ಹಾಕಿದರೆ ಸುಮಾರು 15. ಒಟ್ಟು 25 ಕೇಸು, ಅದರಲ್ಲಿ 15 ಲಸಿಕೆ ಆದವರು. ನೂರಕ್ಕೆ ಅರವತ್ತು! ಲಸಿಕೆ ಹೇಳಿದಷ್ಟೇ ಕೆಲಸ ಮಾಡಿದೆ, ಆದರೂ ಓಪಿಡಿಯಲ್ಲಿ ಕೂತವರ ಕಣ್ಣಿಗೆ ಬೀಳುವುದು ಬರೀ ಲಸಿಕೆ ಆದವರು. ಊರಲ್ಲಿ ಲಸಿಕೆ ಹಾಕಿಸಿಕೊಂಡವರು ಹೆಚ್ಚಾದಷ್ಟೂ ಹೀಗೇ ಕಾಣುತ್ತದೆ. ಎಲ್ಲರಿಗೂ ಲಸಿಕೆ ಹಾಕಿದ ಊರಲ್ಲಿ ಒಂದೇ ಒಂದು ಕೇಸು ಬಂದರೂ ಅದು ಲಸಿಕೆ ಆದವರದ್ದೇ ಆಗಿರಬೇಕು ತಾನೇ.

ಸಹೋದ್ಯೋಗಿ ಕನ್ನಡಕ ತೆಗೆದು ಬೋರ್ಡಿನ ಹತ್ತಿರ ಬಂದು ತಾವೇ ಇನ್ನೊಮ್ಮೆ ಗುಣಿಸಿದರು. ಆಮೇಲೆ, "ಹಾಗಾದ್ರೆ ನನ್ನ ಊರಿನ 800 ಎಷ್ಟು ಅಂತ ನಂಗೆ ಗೊತ್ತೇ ಇಲ್ವಲ್ಲ" ಅಂದರು. ಅದೇ ಡಿನಾಮಿನೇಟರ್, ಎಷ್ಟು ಜನರಲ್ಲಿ ಇಷ್ಟು ಕೇಸು ಅನ್ನುವಾಗಿನ ಆ 'ಎಷ್ಟು ಜನ'. ಕೇಸು ಎಣಿಸುವುದು ನಮಗೆಲ್ಲ ರೂಢಿ. ಕಾಯಿಲೆ ಬರದೆ ಮನೆಯಲ್ಲಿ ಉಳಿದವರನ್ನು ಎಣಿಸುವುದು ಯಾರಿಗೂ ರೂಢಿಯಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲವಲ್ಲ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಮಾತು ಬಂತು. ನಮ್ಮ ಸಭೆಗೆ ಡಾಕ್ಟರುಗಳ ಜೊತೆ ಆರೋಗ್ಯ ನಿರೀಕ್ಷಣಾಧಿಕಾರಿಗಳನ್ನೂ ಲ್ಯಾಬ್ ಟೆಕ್ನಿಷಿಯನ್ನರನ್ನೂ ಕರೆಯುತ್ತೇವೆ. ಇದಕ್ಕೆ ಶುರುವಿನಲ್ಲಿ ಕೆಲವರು ಮುಖ ಸಿಂಡರಿಸಿದ್ದುಂಟು. ನಿವೃತ್ತಿಗೆ ಹತ್ತಿರ ಬಂದಿರುವ ನಮ್ಮ ನಿರೀಕ್ಷಣಾಧಿಕಾರಿ ಎದ್ದು ನಿಂತು, "ಮೇಡಂ, ಒಂದು ಮಾತು. ನಾವು ಕ್ಯಾಂಪ್ ಮಾಡ್ತಿದ್ದಿದ್ದು ಬೆಳಿಗ್ಗೆ ಹತ್ತರ ಮೇಲೆ. ಕಾಡಿಗೆ ಹೋಗೋರು ಅಷ್ಟೊತ್ತಿಗೆ ಹೋಗಿ ಆಗಿರ್ತಿತ್ತು. ಮನೇಲಿದ್ದೋರಿಗೆ ಹಾಕಿ ರಿಜಿಸ್ಟರ್ ತುಂಬಿಸ್ಕೊಂಡು ಬರ್ತಿದ್ವಿ" ಅಂದರು.

ನಾನು ಮಾರ್ಕರ್ ಮುಚ್ಚಳ ಹಾಕಿ ಕೂತುಬಿಟ್ಟೆ. ಈ ಒಂದು ಮಾತಿಗೆ ಇಡೀ ಲೆಕ್ಕವೇ ಬೇರೆಯಾಗುತ್ತದೆ. ಲಸಿಕೆ ಸಿಕ್ಕಿದ್ದು ಉಣುಗು ಕಚ್ಚುವ ಅವಕಾಶ ಕಡಿಮೆ ಇದ್ದವರಿಗೆ ಅನ್ನಿ. ಅವರಿಗೆ ಕಾಯಿಲೆ ಕಡಿಮೆ ಬಂದರೆ ಅದರ ಕೀರ್ತಿ ಲಸಿಕೆಗೆ ಎಷ್ಟು, ಮನೆಯಲ್ಲೇ ಇದ್ದದ್ದಕ್ಕೆ ಎಷ್ಟು? ಇಂಥ ಕಡೆ ಲಸಿಕೆ ತನ್ನ ಯೋಗ್ಯತೆಗಿಂತ ಚೆನ್ನಾಗಿ ಕಾಣುತ್ತದೆ. ಇನ್ನೊಂದು ಊರಲ್ಲಿ ಉಲ್ಟಾ ಇರಬಹುದು. ಕಾಡಿನ ಕೆಲಸದವರೇ ಹೆದರಿ ಮೊದಲು ಬಂದು ಹಾಕಿಸಿಕೊಂಡಿದ್ದರೆ ಲಸಿಕೆ ಇದ್ದದ್ದಕ್ಕಿಂತ ಕಳಪೆಯಾಗಿ ಕಾಣುತ್ತದೆ. ಪಿಜಿ ಮಾಡುವಾಗ ಇದಕ್ಕೆ ಕನ್‌ಫೌಂಡಿಂಗ್ ಅಂತ ಓದಿರುತ್ತಾರೆ. ಅವತ್ತು ಅದನ್ನು ನಮಗೆ ಕಲಿಸಿದ್ದು ಕ್ಯಾಂಪಿನ ಹೊತ್ತು ನೆನಪಿಟ್ಟುಕೊಂಡಿದ್ದ ಮನುಷ್ಯ. ಡಾಕ್ಟರುಗಳು ಮಾತ್ರ ಕೂತಿದ್ದರೆ ಈ ಮಾತು ಬರುತ್ತಿತ್ತಾ? ಖಂಡಿತ ಇಲ್ಲ.

ಲೇಖನವನ್ನು ಹಳಿಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅದರೊಳಗೇ ಎಚ್ಚರಿಕೆ ಇದೆ. ಆ 62.4ರ ಪಕ್ಕದಲ್ಲಿ ಆವರಣದೊಳಗೆ ಸುಮಾರು 26ರಿಂದ 81 ಅನ್ನುವ ವ್ಯಾಪ್ತಿ ಕೊಟ್ಟಿದ್ದಾರೆ, ನಿಜವಾದ ಅಂಕಿ ಇದರೊಳಗೆ ಎಲ್ಲಾದರೂ ಇರಬಹುದು ಅಂತ. ಅಷ್ಟು ಅಗಲ ಇದ್ದರೆ ಮಧ್ಯದ ಅಂಕಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ ಅಂತ ಅರ್ಥ. ಬೂಸ್ಟರ್ ಜೊತೆಗಿನ ಅಂಕಿಯ ವ್ಯಾಪ್ತಿ 71ರಿಂದ 90, ಅದು ಎಷ್ಟೋ ಬಿಗಿ. ಸ್ಲೈಡು ಮಾಡುವವರು ಮೊದಲು ಕತ್ತರಿಸುವುದು ಈ ಆವರಣವನ್ನೇ. ಜಾಗ ಉಳಿಯುತ್ತದಂತೆ.

ಈ ಶನಿವಾರಗಳಿಂದ ನಮ್ಮ ಕೇಂದ್ರದಲ್ಲಿ ಬದಲಾದ ಎರಡು ಸಂಗತಿ ಹೇಳುತ್ತೇನೆ. ಒಂದು, ಜ್ವರದವರನ್ನು ಕೇಳುವ ಪ್ರಶ್ನೆ. ಮೊದಲು "ಕಾಡಿಗೆ ಹೋಗಿದ್ರಾ?" ಅಂತ ಕೇಳುತ್ತಿದ್ದೆವು. ಇಲ್ಲ ಅನ್ನುತ್ತಿದ್ದರು. ಆಮೇಲೆ ನೋಡಿದರೆ ಅಡಿಕೆ ತೋಟಕ್ಕೆ ಹಾಕಲು ಹಿಂದಿನ ಬೆಟ್ಟದಲ್ಲಿ ದರಕು ಗುಡಿಸಿ ತಂದಿರುತ್ತಿದ್ದರು. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಉಣುಗಿನ ಮರಿ, ಸಾಸಿವೆ ಕಾಳಿನಷ್ಟೂ ಇರುವುದಿಲ್ಲ, ಅದು ಇರುವುದೇ ಆ ಒಣ ಎಲೆಗಳ ನಡುವೆ. ಕಾಡಂಚಿನಲ್ಲಿ ತೋಟ, ಗದ್ದೆ, ಬೆಟ್ಟ ಎಲ್ಲ ಕಲಸಿಕೊಂಡಿರುವ ಕಡೆ ಅಪಾಯ ಜಾಸ್ತಿ ಅನ್ನುವ ಇತ್ತೀಚಿನ ಅಧ್ಯಯನವೊಂದನ್ನು ಓದಿದ ಮೇಲೆ ಫಾರಂನಲ್ಲಿ ಜಾಗ ಕೇಳುವುದು ಬಿಟ್ಟು ಕೆಲಸ ಕೇಳುತ್ತಿದ್ದೇವೆ. ದರಕು ತಂದಿರಾ, ಸೌದೆ ತಂದಿರಾ, ದನ ಹೊಡೆದುಕೊಂಡು ಹೋಗಿದ್ದಿರಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ?

ಇನ್ನೊಂದು, ರಕ್ತದ ಸ್ಯಾಂಪಲ್ ಜೊತೆ ಹೋಗುವ ಚೀಟಿ. ಜ್ವರ ಬಂದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ ಸಿಗುತ್ತದೆ. ದಿನ ಕಳೆದಂತೆ ಅದು ಕೈಕೊಡುತ್ತದೆ, ಆಗ ವೈರಸ್ಸಿನ ವಿರುದ್ಧ ಮೈಯಲ್ಲಿ ಹುಟ್ಟುವ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ನೋಡಬೇಕು. ಜ್ವರ ಶುರುವಾದ ತಾರೀಖು ಬರೆಯದೆ ಕಳಿಸಿದರೆ ನೆಗೆಟಿವ್ ಅಂತ ಬಂದ ರಿಪೋರ್ಟಿಗೆ ಅರ್ಥವೇ ಇಲ್ಲ. ನಮ್ಮ ಟೆಕ್ನಿಷಿಯನ್ ಒಂದು ಶನಿವಾರ ಹಳೇ ಚೀಟಿಗಳ ಕಟ್ಟನ್ನೇ ತಂದು ಟೇಬಲ್ ಮೇಲೆ ಹಾಕಿದಳು. ತಾರೀಖಿನ ಜಾಗದಲ್ಲಿ "ಜ್ವರ ++" ಅಂತ ಬರೆದ ಚೀಟಿಗಳೂ ಇದ್ದವು. ಯಾರ ಅಕ್ಷರ ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ.

ಇಷ್ಟೆಲ್ಲ ಮಾಡಲು ಏನು ಬೇಕು ಅಂತ ಬೇರೆ ತಾಲ್ಲೂಕಿನ ಗೆಳತಿಯೊಬ್ಬಳು ಕೇಳಿದಳು. ಹೆಚ್ಚೇನೂ ಬೇಡ. ನಾವು ಓದಿದ ಲೇಖನಗಳಲ್ಲಿ ಬಹುಪಾಲು ಇಂಟರ್ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಓದುವುದು ಇಂಗ್ಲಿಷು, ಮಾತು ಕನ್ನಡದಲ್ಲಿ. ಮಾತು ಇಂಗ್ಲಿಷಿನಲ್ಲಿ ನಡೆದಿದ್ದರೆ ಆ ನಿರೀಕ್ಷಣಾಧಿಕಾರಿ ಎದ್ದು ನಿಲ್ಲುತ್ತಿರಲಿಲ್ಲ. ಲೆಕ್ಕ ಕೈಕೊಟ್ಟಾಗ ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದವರಿಗೆ ಫೋನ್ ಮಾಡುತ್ತೇವೆ. ಪಿಜಿ ಹುಡುಗರನ್ನು ಕಳಿಸುತ್ತಾರೆ, ಪಾಪ ಅವರಿಗೂ ಥೀಸಿಸ್ಸಿಗೆ ವಿಷಯ ಬೇಕಾಗಿರುತ್ತದೆ. ಒಂದು ಮಾತ್ರ ನೋಡಿಕೊಳ್ಳಬೇಕು. ಮಂಗನ ಕಾಯಿಲೆ ಲೇಖನವನ್ನು ಅಕ್ಟೋಬರ್, ನವೆಂಬರ್ ಒಳಗೆ ಓದಿ ಮುಗಿಸಬೇಕು. ಡಿಸೆಂಬರ್ ದಾಟಿದರೆ ಕೇಸು ಶುರು, ಮೇವರೆಗೂ ಪುರಸೊತ್ತಿಲ್ಲ. ಫೆಬ್ರವರಿಯಲ್ಲಿ ಈ ವಿಷಯದ ಸೆಮಿನಾರ್ ಇಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮುಂದಿನ ಸಲ ಹೊಸ ಲಸಿಕೆಯ ಮಾತು. ಹಳೆಯದನ್ನು ಕೊಡುವುದು 2022ರಲ್ಲೇ ನಿಂತುಹೋಯಿತು, ಅದರ ಸತ್ವ ಸಾಲದು ಅಂತ. ಕೇಂದ್ರದ ವೈದ್ಯಕೀಯ ಸಂಶೋಧನಾ ಪರಿಷತ್ತು ಐಸಿಎಂಆರ್ ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಇನ್ನೊಂದನ್ನು ತಯಾರು ಮಾಡುತ್ತಿವೆ. ಪತ್ರಿಕೆಯಲ್ಲಿ ಸುದ್ದಿ ಬಂದಾಗಲೆಲ್ಲ "ಎಷ್ಟು ಪರ್ಸೆಂಟ್ ಮೇಡಂ?" ಅಂತ ಕೇಳುತ್ತಾರೆ. ಮೊದಲ ಹಂತದ ಪ್ರಯೋಗದಲ್ಲಿ ಮುಖ್ಯವಾಗಿ ನೋಡುವುದು ಆರೋಗ್ಯವಂತರಿಗೆ ಅದರಿಂದ ತೊಂದರೆ ಆಗುತ್ತದಾ ಅಂತ, ಪರ್ಸೆಂಟ್ ಹೇಳುವ ಹೊತ್ತು ಅಲ್ಲಿಗಿನ್ನೂ ಬಂದಿರುವುದಿಲ್ಲ. ಇದನ್ನೇ ಮೊದಲ ಅರ್ಧ ಗಂಟೆ ಮಾತಾಡುತ್ತೇವೆ. ಉಳಿದ ಹೊತ್ತಿನಲ್ಲಿ ಒಂದು ರಿಜಿಸ್ಟರ್‌ನ ನಮೂನೆ ಮಾಡಬೇಕು. ಹೆಸರು, ಮನೆ, ಕಾಡು-ತೋಟದ ಕೆಲಸ ಇದೆಯಾ ಇಲ್ಲವಾ, ದಿನದಲ್ಲಿ ಎಷ್ಟು ಹೊತ್ತಿಗೆ ಮನೆಯಲ್ಲಿ ಸಿಗುತ್ತಾರೆ. ಕೊನೆಯ ಕಾಲಂ ನಿರೀಕ್ಷಣಾಧಿಕಾರಿಗಳ ಸಲಹೆ. ಆಶಾ ಕಾರ್ಯಕರ್ತೆಯರಿಗೆ ಇನ್ನೊಂದು ಪುಸ್ತಕ ಹೊರಿಸಿದರೆ ಬೈಯುತ್ತಾರೆ, ಆದ್ದರಿಂದ ಅವರಲ್ಲೂ ಇಬ್ಬರನ್ನು ಕರೆದಿದ್ದೇನೆ. ನಮೂನೆ ಅವರೇ ನೋಡಿ ಹೊಡೆದು ಹಾಕಲಿ. ಅಕ್ಕಪಕ್ಕದ ತಾಲ್ಲೂಕಿನವರು ಬರುವುದಾದರೆ ಎರಡೂವರೆಗೆ ಬನ್ನಿ. ಲೇಖನದ ಪ್ರಿಂಟ್ ನಾನೇ ತರುತ್ತೇನೆ, ಬೋಂಡಾ ದುಡ್ಡು ನಿಮ್ಮದು.