ಏಪ್ರಿಲ್ ಆಮ್‌ಸ್ಟರ್‌ಡ್ಯಾಮ್ ಯೋಜನೆ: ಮಂಗಳವಾರ ಮಧ್ಯಾಹ್ನ ಎರಡೂವರೆಯ ತೊಡಕು

ನಾಜಿಗಳಿಂದ ಅಡಗಿ ಕುಳಿತು ದಿನಚರಿ ಬರೆದ ಯಹೂದಿ ಬಾಲಕಿ ಆನ್ ಫ್ರಾಂಕ್ ಇದ್ದ, ಈಗ ವಸ್ತುಸಂಗ್ರಹಾಲಯವಾಗಿರುವ ಮನೆಯ ಐದು ಟಿಕೆಟ್‌ಗಳು ಕೊನೆಗೂ ಕೈಸೇರಿವೆ. ವೀಸಾ, ವಿಮಾನ, ವಿಮೆಗಳ ಮಾಮೂಲಿ ಹಂತಗಳನ್ನು ಪ್ರವಾಸ ಯೋಜಿಸುವ ಹವ್ಯಾಸದವರಿಗೆ ಮತ್ತೆ ವಿವರಿಸಬೇಕಾಗಿಲ್ಲ. ಬೆಳಗಾವಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿ, ಎಲ್ಲರೂ ಬೆರಳಚ್ಚು ಕೊಟ್ಟು ಬಂದದ್ದಷ್ಟೇ ಅದರ ಕಥೆ.

ನಮ್ಮಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬೀಳುವ ಹೊತ್ತಿಗೇ ಹಾಲೆಂಡಿನಲ್ಲಿ ಟ್ಯೂಲಿಪ್ ಅರಳುವುದರಿಂದ, ದಟ್ಟಣೆಯ ಹಂಗಾಮನ್ನು ತಪ್ಪಿಸುವ ಆಯ್ಕೆ ನಮಗೆ ಇರಲಿಲ್ಲ. ಕ್ಯೂಕೆನ್‌ಹಾಫ್ ಉದ್ಯಾನ ವರ್ಷಕ್ಕೆ ಸುಮಾರು ಎಂಟು ವಾರ ಮಾತ್ರ ತೆರೆದಿರುತ್ತದೆ. ಏಪ್ರಿಲ್ 27ರ ರಾಜನ ಹುಟ್ಟುಹಬ್ಬಕ್ಕೆ ಆಮ್‌ಸ್ಟರ್‌ಡ್ಯಾಮ್ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಕೋಣೆಯ ಬಾಡಿಗೆಯ ಮೇಲೆ ಶೇ. 12.5ರಷ್ಟು ಪ್ರವಾಸಿ ತೆರಿಗೆಯೂ ಇದೆ, ಹೋಟೆಲಿನವರು ಅದನ್ನು ಹಣ ಕಟ್ಟುವ ಕೊನೆಯ ಪುಟದವರೆಗೆ ಮುಚ್ಚಿಟ್ಟಿರುತ್ತಾರೆ. ಆದ್ದರಿಂದ ರೈಲಿನಲ್ಲಿ ಕಾಲು ಗಂಟೆಯ ಹಾದಿಯಾದ ಹಾರ್ಲೆಮ್‌ನಲ್ಲಿ ಕೋಣೆ ಹಿಡಿದಿದ್ದೇವೆ. ನಮ್ಮೂರಿನ ಏಜೆಂಟರೊಬ್ಬರು ಇದಕ್ಕಿಂತ ಸುಲಭದ ದಾರಿಯನ್ನು ಸೂಚಿಸಿದ್ದರು: "ಆನ್ ಫ್ರಾಂಕ್ ಮನಿ ಹೊರಗಿಂದ ತೋರಸ್ತೇವ್ರಿ, ಫೋಟೋ ಚಲೋ ಬರ್ತಾವು."

ತೊಡಕು ಇದ್ದದ್ದು ಒಳಗೆ ಹೋಗುವುದರಲ್ಲಿ. ಆ ಮನೆಯ ಟಿಕೆಟ್‌ಗಳು ಅವರದೇ ಜಾಲತಾಣದಲ್ಲಿ ಮಾತ್ರ ಸಿಗುತ್ತವೆ, ಪ್ರತಿ ಮಂಗಳವಾರ ಅಲ್ಲಿನ ಬೆಳಗಿನ 10 ಗಂಟೆಗೆ, ಆರು ವಾರಗಳ ನಂತರದ ಇಡೀ ಒಂದು ವಾರದ ಭೇಟಿಗಳಿಗಾಗಿ ಬಿಡುಗಡೆಯಾಗುತ್ತವೆ. ಆರು ವಾರವೆಂದರೆ 42 ದಿನ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ತೀರ್ಮಾನ ಸಾಮಾನ್ಯವಾಗಿ 15 ದಿನಗಳಲ್ಲಿ ಬಂದರೂ, 45 ದಿನಗಳವರೆಗೆ ಎಳೆಯಬಹುದು. ಹೀಗಾಗಿ ಯಾವ ದಿನ ಎಲ್ಲಿರುತ್ತೇವೆಂಬ ಪಟ್ಟಿಯನ್ನು ವೀಸಾ ಅರ್ಜಿಯೊಂದಿಗೆ ಕೊಟ್ಟ ಮೇಲೆಯೇ, ಆ ಪಟ್ಟಿಯ ಅತಿ ಕಷ್ಟದ ದಿನ ಯಾವುದೆಂದು ತಿಳಿಯುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ, ಹಾರ್ಲೆಮ್ ವಾಸ್ತವ್ಯವನ್ನು ಸೋಮವಾರದಿಂದ ಭಾನುವಾರಕ್ಕೆ ಇಡುವ ಬದಲು ಗುರುವಾರದಿಂದ ಬುಧವಾರಕ್ಕೆ ಇಟ್ಟು, ಎರಡು ವಾರಗಳ ಮೇಲೆ ಕಾಲು ಚಾಚುವುದು. ಆಗ ಒಂದೇ ಪ್ರವಾಸಕ್ಕೆ ಎರಡು ಮಂಗಳವಾರಗಳ ಅವಕಾಶ ಒದಗುತ್ತದೆ.

ಮಾರ್ಚ್ ಆರಂಭದಲ್ಲಿ ಯುರೋಪಿನಲ್ಲಿ ಇನ್ನೂ ಚಳಿಗಾಲದ ಗಡಿಯಾರವಿರುವುದರಿಂದ ಅಲ್ಲಿನ 10 ಗಂಟೆ ನಮಗೆ ಮಧ್ಯಾಹ್ನ 2.30. ಮೇ ತಿಂಗಳ ಯೋಜನೆ ಮಾಡುವವರು ಎಚ್ಚರದಿಂದಿರಬೇಕು: ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರ ಮುಂದಕ್ಕೆ ಹೋದ ಮೇಲೆ ಅದು 1.30 ಆಗುತ್ತದೆ. ಮೊದಲ ಮಂಗಳವಾರ ಆನ್‌ಲೈನ್ ಸರದಿಯಲ್ಲಿ ಬಹಳ ಹೊತ್ತು ಕಾದು ಒಳಹೊಕ್ಕಾಗ, ಐವರಿಗೂ ಒಟ್ಟಿಗೆ ಜಾಗವಿದ್ದ ಒಂದೇ ಸಮಯ ಉಳಿದಿತ್ತು. ಅದನ್ನು ಆರಿಸಿ ಕಾರ್ಡಿನ ವಿವರ ತುಂಬಿದೆ, ಆದರೆ ಓಟಿಪಿ ಬರಲಿಲ್ಲ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿಯನ್ನು ನಾವೇ ತೆರೆಯಬೇಕಾಗುತ್ತದೆ, ಅದನ್ನು ಹಿಂದಿನ ವಾರವೇ ತೆರೆದಿಟ್ಟಿದ್ದೆ. ಪುಟದ ಅವಧಿ ಮುಗಿದು, ಟಿಕೆಟ್ ಕೈತಪ್ಪಿ, ನಾನು ಚಹಾಕ್ಕೆ ಎದ್ದ ಮೇಲೆ ಓಟಿಪಿ ಬಂದಿತು. ಬ್ಯಾಂಕಿಗೆ ಫೋನ್ ಮಾಡಿದರೆ, "ಈಗ ಬಂತಲ್ಲ ಸರ್" ಎಂಬ ಸಮಾಧಾನ ದೊರೆಯಿತು.

ನಡುವಿನ ವಾರವನ್ನು ಪರೀಕ್ಷೆಗೆ ಬಳಸಿದೆ. ಹಾರ್ಲೆಮ್‌ನ ಟೈಲರ್ಸ್ ಮ್ಯೂಸಿಯಂ 1784ರಲ್ಲಿ ತೆರೆದದ್ದು, ಆ ದೇಶದ ಅತ್ಯಂತ ಹಳೆಯ ವಸ್ತುಸಂಗ್ರಹಾಲಯ. ಹೇಗೂ ನೋಡಲೇಬೇಕಾದ ಅದರ ಟಿಕೆಟನ್ನು ಹೆಂಡತಿಯ ಕಾರ್ಡಿನಿಂದ ಕೊಂಡು ನೋಡಿದೆ. ಅವಳ ಬ್ಯಾಂಕು ಎಸ್‌ಎಂಎಸ್ ಕಳುಹಿಸುವ ಬದಲು ಮೊಬೈಲ್ ಆ್ಯಪ್‌ನಲ್ಲಿಯೇ ಒಪ್ಪಿಗೆ ಕೇಳುತ್ತದೆ, ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಐವರಿಗೆ ಒಂದೇ ಸಮಯವನ್ನು ಹುಡುಕುವ ಹಟವನ್ನೂ ಬಿಟ್ಟು, ಮೂವರು ಮತ್ತು ಇಬ್ಬರ ಎರಡು ತಂಡ ಮಾಡಿದೆ.

ಎರಡನೆಯ ಮಂಗಳವಾರ ಸರದಿಯಲ್ಲಿ ಕುಳಿತಿದ್ದಾಗ ಬೇಸರ ಕಳೆಯಲು ಮುಂದಿನ ಪ್ರವಾಸಕ್ಕೆಂದು ಜಪಾನಿನ ಕ್ಯೋಟೋ ಹೆಸರಿನ ಹೊಸ ಎಕ್ಸೆಲ್ ಹಾಳೆಯೊಂದನ್ನು ತೆರೆದೆ. ಅಲ್ಲಿ ಮೇಪಲ್ ಎಲೆಗಳು ಕೆಂಪೇರುವ ನವೆಂಬರ್ ಉತ್ತರಾರ್ಧವೇ ದಟ್ಟಣೆಯ ಕಾಲ, ಷಿಂಕಾನ್‌ಸೆನ್ ಬುಲೆಟ್ ರೈಲಿನ ಸೀಟುಗಳು ಒಂದು ತಿಂಗಳ ಮೊದಲು ಜಪಾನಿನ ಬೆಳಗಿನ 10ಕ್ಕೆ, ಅಂದರೆ ನಮ್ಮ 6.30ಕ್ಕೆ ಮಾರಾಟಕ್ಕೆ ಬರುತ್ತವೆ. ಕಚೇರಿಯ ಮೀಟಿಂಗಿಗೆ ಸುಳ್ಳು ಹೇಳಬೇಕಾಗಿಲ್ಲವೆಂಬ ಒಂದೇ ಕಾರಣಕ್ಕೆ ಜಪಾನ್ ನನಗೆ ಈಗಲೇ ಇಷ್ಟವಾಗಿದೆ. ಆ ಹಾಳೆಯಲ್ಲಿ ರೈಲು ದರಗಳನ್ನು ತುಂಬುತ್ತಿದ್ದಾಗ ಈ ಕಡೆಯ ಸರದಿ ಬಂದಿತು. ಸೋಮವಾರ ಸಂಜೆಯ ಎರಡು ಹತ್ತಿರದ ಸಮಯಗಳಲ್ಲಿ ಮೂರು ಮತ್ತು ಎರಡು ಟಿಕೆಟ್‌ಗಳು ಸಿಕ್ಕವು. ಹೆಂಡತಿ ಅಡುಗೆಮನೆಯಿಂದಲೇ ಒಪ್ಪಿಗೆಯ ಗುಂಡಿ ಒತ್ತಿದಳು.

ಇದರಿಂದ ಉಳಿದ ದಿನಗಳು ತಾವಾಗಿಯೇ ಜಾಗ ಹಿಡಿದವು. ವಾರಾಂತ್ಯದ ನೂಕುನುಗ್ಗಲು ಮುಗಿದ ಮಂಗಳವಾರ ಬೆಳಗ್ಗೆ ಕ್ಯೂಕೆನ್‌ಹಾಫ್, ಶುಕ್ರವಾರ ವ್ಯಾನ್ ಗೋ ಮ್ಯೂಸಿಯಂ. ಅವೆರಡಕ್ಕೂ ಸಮಯ ನಿಗದಿಯಾದ ಟಿಕೆಟ್ ಬೇಕು, ಆದರೆ ಇಷ್ಟು ಪೈಪೋಟಿಯಿಲ್ಲ. ಇನ್ನು ಇತ್ಯರ್ಥವಾಗದೆ ಉಳಿದಿರುವುದು ಆನ್ ಫ್ರಾಂಕ್ ಮನೆಯ ಕಡಿದಾದ ಮೆಟ್ಟಿಲುಗಳು. ಅವ್ವನ ಮೊಣಕಾಲಿನ ಮಾತೆತ್ತಿದಾಗ, "ಗೋಳಗುಮ್ಮಟ ಏರಿದಾಕಿ ನಾ" ಎಂದು ಬಾಯಿ ಮುಚ್ಚಿಸಿದಳು. ಯಾವ ವರ್ಷ ಏರಿದ್ದೆಂದು ಕೇಳುವ ಧೈರ್ಯ ಮಾಡದೆ, ಅವಳನ್ನು ನನ್ನ ತಂಡಕ್ಕೆ ಹಾಕಿಕೊಂಡಿದ್ದೇನೆ.