ಫಾರಿನ್ ಸಮ್ಮರ್ ಇಂಟರ್ನ್‌ಶಿಪ್ಪಿನ ತಯಾರಿ ಪುಣೆಯಲ್ಲೇ ಶುರು ಮಾಡ್ರಿ

ನಮ್ಮ ಬಳಗದಲ್ಲಿ ಯಾರಾದ್ರೂ ಬಿಎಸ್ಸಿನೋ ಬಿಇನೋ ಎರಡನೇ ವರ್ಷಕ್ಕೆ ಬಂದ್ರು ಅಂದ್ರೆ ನನ್ನ ಫೋನಿಗೆ ಮೆಸೇಜ್ ಬಂದೇ ಬರ್ತದೆ, ಅಕ್ಕಾ ಬೇಸಿಗೆಗೆ ಫಾರಿನ್ ರಿಸರ್ಚ್ ಇಂಟರ್ನ್‌ಶಿಪ್ ಹೆಂಗ ಹಾಕೋದು, ಲಿಂಕ್ ಕಳಿಸ್ರಿ ಅಂತ. ಲಿಂಕ್ ಕಳಿಸ್ತೀನಿ, ಅದೇನು ದೊಡ್ಡ ಕೆಲಸ ಅಲ್ಲ. ಆದ್ರೆ ಫಾರ್ಮ್ ತೆಗೆದು ನೋಡಿದ್ರೆ ಅವರು ಕೇಳೋದು ಬೇರೆನೇ: ನೀನು ಇಲ್ಲಿವರೆಗೆ ಯಾರ ಹತ್ರ ಏನು ಕೆಲಸ ಮಾಡಿದ್ದೀ, ಅವರು ನಿನ್ನ ಬಗ್ಗೆ ಏನು ಹೇಳ್ತಾರೆ. ಅದಕ್ಕೆ ಉತ್ತರ ಕೊನೇ ತಾರೀಖಿನ ಹಿಂದಿನ ವಾರದಲ್ಲಿ ತಯಾರಾಗೋದಲ್ಲ, ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೇ ಬರೀತಿದ್ದೀನಿ.

ಮೊದ್ಲು ತಾರೀಖುಗಳು ಹೇಳಿಬಿಡ್ತೀನಿ, ಯಾಕಂದ್ರೆ ಬೇಸಿಗೆ ಅಂದ ಕೂಡ್ಲೇ ಎಲ್ಲರೂ ಮಾರ್ಚ್‌ನಲ್ಲಿ ಹುಡುಕೋಕೆ ಶುರು ಮಾಡ್ತಾರೆ, ಅಷ್ಟೊತ್ತಿಗೆ ಬಹಳಷ್ಟು ಮುಗಿದಿರ್ತದೆ. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ (Mitacs Globalink) ಇಂಟರ್ನ್‌ಶಿಪ್ಪಿಗೆ ಹಿಂದಿನ ಸೆಪ್ಟೆಂಬರ್‌ನಲ್ಲೇ ಅರ್ಜಿ, ಹೋಗೋದು ಮುಂದಿನ ವರ್ಷ ಮೇ ನಂತರ, 12 ವಾರ. ಜರ್ಮನಿಯಲ್ಲಿ ಓದೋಕೆ ಸ್ಕಾಲರ್‌ಶಿಪ್ ಕೊಡೋ ಸಂಸ್ಥೆ ಡಾಡ್‌ನವರ (DAAD) ವೈಸ್ (WISE) ಸ್ಕಾಲರ್‌ಶಿಪ್ಪಿಗೆ ಅರ್ಜಿ ಜೊತೆಗೇ ಅಲ್ಲಿನ ಪ್ರೊಫೆಸರ್ ಕೊಟ್ಟ ಆಹ್ವಾನ ಪತ್ರ ಇಡ್ಬೇಕು, ಅಂದ್ರೆ ಪ್ರೊಫೆಸರ್‌ನ ಅದಕ್ಕಿಂತ ಮೊದ್ಲೇ ಹುಡುಕಿರ್ಬೇಕು. ಜಿನೀವಾ ಹತ್ರದ ಕಣ ಭೌತಶಾಸ್ತ್ರದ ದೊಡ್ಡ ಲ್ಯಾಬ್ ಸರ್ನ್‌ನ (CERN) ಸಮ್ಮರ್ ಸ್ಟೂಡೆಂಟ್ ಕಾರ್ಯಕ್ರಮದ ಅರ್ಜಿ ಜನವರಿ ಕೊನೆಗೆ ಮುಗೀತದೆ (ಭಾರತ 2017ರಿಂದ ಸರ್ನ್‌ನ ಅಸೋಸಿಯೇಟ್ ಸದಸ್ಯ ದೇಶ, ಇದು ನಮ್ಮ ಎಷ್ಟೋ ಹುಡುಗ್ರಿಗೆ ಗೊತ್ತೇ ಇಲ್ಲ). ಅಮೆರಿಕದ ಕ್ಯಾಲ್ಟೆಕ್ ಯೂನಿವರ್ಸಿಟಿಯ ಸರ್ಫ್ (SURF) ಇಂಟರ್ನ್‌ಶಿಪ್ 10 ವಾರದ್ದು, ಅಲ್ಲೂ ಮೊದ್ಲು ಮೆಂಟರ್ ಸಿಗ್ಬೇಕು, ಅವರ ಜೊತೆ ಕೂತು ಪ್ರಪೋಸಲ್ ಬರೀಬೇಕು. ಜಪಾನಿನ ಒಕಿನಾವಾದಲ್ಲಿರೋ ಓಯಿಸ್ಟ್ (OIST) ಅನ್ನೋ ವಿಜ್ಞಾನ ಯೂನಿವರ್ಸಿಟಿ ವರ್ಷಕ್ಕೆ ಎರಡು ಸಲ ಅರ್ಜಿ ತಗೋತದೆ. ತಾರೀಖು ಆಚೀಚೆ ಆಗ್ತಿರ್ತವೆ, ಆಯಾ ವರ್ಷದ್ದು ಅವರ ಪೇಜಿನಲ್ಲೇ ನೋಡ್ಕೊಳ್ರಿ.

ಇನ್ನೊಂದು, ಗೂಗಲ್‌ನಲ್ಲಿ ಹುಡುಕಿದ್ರೆ ಆರ್‌ಇಯು (REU) ಅಂತ ಅಮೆರಿಕದ ಬೇಸಿಗೆ ರಿಸರ್ಚ್ ಸೀಟುಗಳು ರಾಶಿ ರಾಶಿ ಬರ್ತವೆ. ಅಲ್ಲಿನ ಸರ್ಕಾರದ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್ ದುಡ್ಡಿನಲ್ಲಿ ನಡೆಯೋ ಆ ಸೀಟುಗಳು ಅಮೆರಿಕದ ನಾಗರಿಕರಿಗೆ ಮತ್ತು ಅಲ್ಲಿ ಕಾಯಂ ವಾಸದ ಪರವಾನಗಿ ಇರೋರಿಗೆ ಮಾತ್ರ. ಅದರ ಹಿಂದೆ ಬಿದ್ದು ಟೈಮ್ ಕಳೀಬೇಡ್ರಿ. ಮೂರು ವರ್ಷದ ಬಿಎಸ್ಸಿಯವರು ಒಂದು ಲೆಕ್ಕ ಹಾಕ್ಕೋಬೇಕು: ಮೂರನೇ ವರ್ಷ ಮುಗಿದ ಬೇಸಿಗೆಗೆ ನಿಮ್ಮ ಡಿಗ್ರಿನೇ ಮುಗಿದಿರ್ತದೆ, ಆದ್ರೆ ಮೈಟ್ಯಾಕ್ಸ್‌ನಂಥ ಕಡೆ ಇಂಟರ್ನ್‌ಶಿಪ್ ಆದ ಮೇಲೂ ಸೆಮಿಸ್ಟರ್ ಬಾಕಿ ಇರ್ಬೇಕು ಅಂತಾರೆ. ಹಂಗಾಗಿ ನಿಮ್ಮ ಬೇಸಿಗೆ ಅಂದ್ರೆ ಎರಡನೇ ವರ್ಷದ್ದು, ಅರ್ಜಿ ಅಂದ್ರೆ ಎರಡನೇ ವರ್ಷದ ಶುರುವಿನಲ್ಲಿ. ಸರ್ನ್ ಮಾತ್ರ ಉಲ್ಟಾ, ಅಲ್ಲಿ ಮೂರು ವರ್ಷದ ಓದು ಆಗಿರ್ಬೇಕು ಅಂತ ಕೇಳ್ತಾರೆ.

ಈಗ ನಾನು ನಿಜವಾಗಿ ಹೇಳ್ಬೇಕಂತಿರೋದು. ಪುಣೆಯಲ್ಲಿ ಓದೋ ಹುಡುಗ್ರಿಗೆ ತಮ್ಮ ಕಾಲೇಜು ದೊಡ್ಡದಲ್ಲ, ಐಐಟಿ ಅಲ್ಲ ಅನ್ನೋದೇ ಚಿಂತೆ. ಆದ್ರೆ ಗಣೇಶಖಿಂಡ್ ಕಡೆ ಒಂದು ಸಲ ಹೋಗಿ ನೋಡ್ರಿ, ಯೂನಿವರ್ಸಿಟಿ ಕ್ಯಾಂಪಸ್ ಒಳಗೇ ಖಗೋಳ ವಿಜ್ಞಾನದ ಐಯುಕಾ, ರೇಡಿಯೋ ಖಗೋಳದ ಎನ್‌ಸಿಆರ್‌ಎ, ಜೀವಕೋಶ ಓದೋ ಎನ್‌ಸಿಸಿಎಸ್ ಮೂರೂ ಅದಾವ. ಪಾಷಾಣ್ ಕಡೆ ರಸಾಯನದ ಎನ್‌ಸಿಎಲ್, ವಿಜ್ಞಾನ ಕಲಿಸೋ ಐಸರ್, ಮಳೆ ಮಾನ್ಸೂನ್ ಓದೋ ಐಐಟಿಎಂ. ಕಾಲೇಜಿನಿಂದ ಒಂದು ಬಸ್ಸಿನ ದೂರದಲ್ಲಿ ಇಷ್ಟು ಲ್ಯಾಬ್ ಇರೋ ಊರು ನಮ್ಮ ದೇಶದಲ್ಲಿ ಎಷ್ಟಿದಾವು ಹೇಳ್ರಿ. ಐಯುಕಾ, ಎನ್‌ಸಿಆರ್‌ಎ ಎರಡೂ ರಜೆಯಲ್ಲಿ ವಿದ್ಯಾರ್ಥಿಗಳನ್ನ ತಗೋತಾವೆ, ಅದು ಸಿಗದಿದ್ರೂ ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಹೋಗಿ ಅಲ್ಲಿನ ಪಿಎಚ್‌ಡಿಯವರ ಜೊತೆ ಮಾತಾಡಿದ್ರೂ ಒಂದು ದಾರಿ ಕಾಣ್ತದೆ.

ನಾನು ಒಂದು ರಜೆಯಲ್ಲಿ ಇಲ್ಲೇ ಪಲ್ಸಾರ್ (ಗಡಿಯಾರದಂಗೆ ರೇಡಿಯೋ ಮಿಡಿತ ಕಳಿಸೋ, ಗಿರಗಿರ ತಿರುಗೋ ನಕ್ಷತ್ರ) ಡೇಟಾ ಮೇಲೆ ಕೆಲಸ ಮಾಡಿದ್ದೆ, ನಾರಾಯಣಗಾವ್ ಹತ್ರದ ಖೋಡದ್‌ನಲ್ಲಿರೋ ಜಿಎಂಆರ್‌ಟಿ ಅನ್ನೋ ರೇಡಿಯೋ ಟೆಲಿಸ್ಕೋಪಿನಿಂದ ಬಂದ ಡೇಟಾ. ತಲಾ 45 ಮೀಟರ್ ಅಗಲದ 30 ಡಿಶ್‌ಗಳು, ಪುಣೆಯಿಂದ ಸುಮಾರು 80 ಕಿಲೋಮೀಟರ್. ಪಲ್ಸಾರಿನ ಸಿಗ್ನಲ್ ನಮ್ಮ ತನಕ ಬರೋ ದಾರಿಯಲ್ಲಿ ಎಲೆಕ್ಟ್ರಾನ್‌ಗಳು ಅದನ್ನ ತಡ ಮಾಡ್ತಾವೆ, ಫ್ರೀಕ್ವೆನ್ಸಿ ಕಡಿಮೆ ಆದಷ್ಟು ತಡ ಜಾಸ್ತಿ, ಹಂಗಾಗಿ ಆ ತಡವನ್ನ ಸರಿಯಾಗಿ ಅಳೆಯೋಕೆ ಕಡಿಮೆ ಫ್ರೀಕ್ವೆನ್ಸಿಯ ಜಿಎಂಆರ್‌ಟಿ ಬಹಳ ಉಪಯೋಗಕ್ಕೆ ಬರ್ತದೆ. 2023ರ ಜೂನ್‌ನಲ್ಲಿ ಯುರೋಪಿನ ಪಲ್ಸಾರ್ ತಂಡ ನ್ಯಾನೋಹರ್ಟ್ಜ್ ಗುರುತ್ವ ಅಲೆಗಳ (ಆಕಾಶವನ್ನೇ ಹಿಗ್ಗಿಸಿ ಕುಗ್ಗಿಸೋ, ಬಹಳ ನಿಧಾನದ ಅಲೆಗಳು) ಸುಳಿವು ಪ್ರಕಟಿಸಿದಾಗ ಅದರ ಜೊತೆ ನಮ್ಮ ದೇಶದ ಪಲ್ಸಾರ್ ತಂಡ ಇನ್‌ಪಿಟಿಎಯ ಜಿಎಂಆರ್‌ಟಿ ಡೇಟಾನೂ ಇತ್ತು. ಜರ್ಮನಿಯ ಎಫೆಲ್ಸ್‌ಬರ್ಗ್‌ನಲ್ಲಿ 100 ಮೀಟರಿನ ದೊಡ್ಡ ಟೆಲಿಸ್ಕೋಪ್ ಇಟ್ಕೊಂಡಿರೋರಿಗೂ ಖೋಡದ್‌ನ ಡೇಟಾ ಬೇಕು! ನನಗೆ ಇದು ತಿಳಿದ ಮೇಲೆ ಅಲ್ಲಿನ ಒಂದು ಪಲ್ಸಾರ್ ಗುಂಪಿಗೆ ಬರೆಯೋಕೆ ಧೈರ್ಯ ಬಂತು, ಯಾಕಂದ್ರೆ ನನ್ನ ಕೈಯಲ್ಲಿ ಅವರಿಗೆ ಬೇಕಾದ ಕೆಲಸ ಇತ್ತು, ಬರೀ ಆಸೆ ಅಲ್ಲ.

ಇಮೇಲ್ ಬಗ್ಗೆ. ಒಂದೇ ಒಕ್ಕಣೆಯನ್ನ ಹೆಸರು ಬದಲಿಸಿ ನೂರಾರು ಜನಕ್ಕೆ ಕಳಿಸೋ ಪದ್ಧತಿ ಹಾಸ್ಟೆಲ್‌ಗಳಲ್ಲಿ ಬೆಳೆದಿದೆ, ಅದು ನನಗೆ ನಿಜಕ್ಕೂ ಬೇಜಾರು. ಓದೋರಿಗೆ ಮೊದಲ ಸಾಲಲ್ಲೇ ಗೊತ್ತಾಗ್ತದೆ. ನಾನು ಒಬ್ಬ ಪ್ರೊಫೆಸರ್‌ನ ಇತ್ತೀಚಿನ ಪೇಪರ್ ಕೂತು ಪೂರ್ತಿ ಓದಿ, ಒಂದು ಚಿತ್ರದಲ್ಲಿ ಒಂದು ಪಲ್ಸಾರಿನ ತಡ ವರ್ಷಕ್ಕೊಮ್ಮೆ ಏರ್ತಿರೋದು ಸೂರ್ಯನ ಹತ್ರ ಹಾದಾಗಿನ ಸೌರ ಮಾರುತದಿಂದಾನಾ, ಅದನ್ನ ನಿಮ್ಮ ಮಾಡೆಲ್‌ನಲ್ಲಿ ಹೆಂಗೆ ತೆಗೀತೀರಿ ಅಂತ ಕೇಳಿದ್ದೆ. ಆಮೇಲೆ ನಾನು ಪೈಥಾನ್‌ನಲ್ಲಿ ಏನು ಮಾಡಿದ್ದೀನಿ ಅನ್ನೋದು ಎರಡು ಸಾಲು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲೆ, ದುಡ್ಡು ಎಲ್ಲಿಂದ ಅಂತ ನೋಡಿದ್ದೀನಿ, ಸಿವಿ ಪಿಡಿಎಫ್. ಅಷ್ಟೇ. ತಾರೀಖು ಮುಖ್ಯ, ನಮ್ಮ ಪರೀಕ್ಷೆಗಳು ಮೇ ಜೂನ್ ತನಕ ಎಳೀತಾವೆ, ಅದನ್ನ ಮುಚ್ಚಿಡದೆ ಮೊದ್ಲೇ ಹೇಳಿದ್ರೆ ಅವರೂ ಹೊಂದಿಸ್ಕೋತಾರೆ. ಬಹಳ ಜನ ಉತ್ತರ ಬರೆಯೋದೇ ಇಲ್ಲ. ಒಂದೆರಡು ವಾರ ಬಿಟ್ಟು ಒಂದು ಸಲ ನೆನಪು ಮಾಡ್ರಿ, ಆಮೇಲೆ ಬಿಟ್ಟುಬಿಡ್ರಿ.

ಶಿಫಾರಸು ಪತ್ರದ ವಿಷಯಕ್ಕೆ ಬಂದ್ರೆ, ನೀನೇ ಬರ್ಕೊಂಡು ಬಾ ನಾನು ಸಹಿ ಹಾಕ್ತೀನಿ ಅನ್ನೋ ಮೇಷ್ಟ್ರು ಎಲ್ಲಾ ಕಡೆ ಇದಾರೆ. ಹಂಗೆ ಬರೆದ ಪತ್ರದಲ್ಲಿ ಶ್ರಮಜೀವಿ, ಪ್ರಾಮಾಣಿಕ ಅನ್ನೋ ಮಾತು ಬಿಟ್ರೆ ಏನೂ ಇರೋದಿಲ್ಲ. ಜೊತೆಗೆ ಕೂತು ಕೆಲಸ ಮಾಡಿಸಿದವರು ಬರೆದ್ರೆ, ಕೋಡ್‌ನಲ್ಲಿ ತಪ್ಪು ಸಿಕ್ಕಾಗ ಈ ಹುಡುಗಿ ಹೆಂಗೆ ಹಿಡಿದು ಕೂತಳು ಅಂತ ಬರೀತಾರೆ. ವಿಭಾಗದ ಮುಖ್ಯಸ್ಥರ ಪತ್ರಕ್ಕಿಂತ ಇದರ ತೂಕ ಹೆಚ್ಚು ಅಂತ ನಾನು ಖಂಡಿತ ನಂಬ್ತೀನಿ. ಇದಕ್ಕೂ ಇಲ್ಲಿನ ಲ್ಯಾಬೇ ಬೇಕು ನೋಡ್ರಿ.

ದುಡ್ಡು ಕಟ್ಟಿದ್ರೆ ಫಾರಿನ್ ಇಂಟರ್ನ್‌ಶಿಪ್ ಮತ್ತು ಸರ್ಟಿಫಿಕೇಟ್ ಕೊಡಿಸ್ತೀವಿ ಅನ್ನೋರು ಈಗ ಕೋತ್ರೂಡ್‌ನಿಂದ ಹಿಂಜವಡಿ ತನಕ ಸಿಗ್ತಾರೆ. ಕೊಡಬೇಡ್ರಿ. ಒಳ್ಳೆ ಕಾರ್ಯಕ್ರಮಗಳು ನಿಮಗೇ ದುಡ್ಡು ಕೊಡ್ತಾವೆ. ಮೈಟ್ಯಾಕ್ಸ್, ಓಯಿಸ್ಟ್‌ನವರು ಪ್ರಯಾಣ, ವಸತಿ ಎಲ್ಲಾ ನೋಡ್ಕೋತಾರೆ.

ಮನೆಯವರ ಮಾತೂ ಇರ್ತದೆ. ನಮ್ಮವ್ವ "ಒಬ್ಬಾಕಿನ ಅಷ್ಟ ದೂರ ಹ್ಯಾಂಗ ಇರ್ತಿ, ಉಣ್ಣೂದು ಏನ ಮಾಡ್ತಿ" ಅಂತ ದಿನಾ ಕೇಳ್ತಿದ್ದಳು. ಪ್ರೊಫೆಸರ್ ಜೊತೆಗಿನ ವಿಡಿಯೋ ಕಾಲ್ ಮುಗಿದ ಮೇಲೆ ಅವರು ಹೇಳಿದ್ದನ್ನೆಲ್ಲ ಮನೆಯವರನ್ನ ಕೂಡಿಸಿಕೊಂಡು ಹೇಳಿದೆ, ಎಲ್ಲಿ ಇರ್ತೀನಿ, ಯಾರು ಜೊತೆಗಿರ್ತಾರೆ ಅಂತ, ಆಮೇಲೆ ಅಪ್ಪನೇ ಚಟ್ನಿಪುಡಿ ಎಷ್ಟು ಕಿಲೋ ಒಯ್ಬಹುದು ಅಂತ ವಿಚಾರಿಸೋಕೆ ಶುರು ಮಾಡಿದ್ರು.

ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸಿ ಇಟ್ಕೊಳ್ರಿ, ಮುಂಢವಾ ಸೇವಾ ಕೇಂದ್ರದಲ್ಲಿ ಸ್ಲಾಟ್ ತಗೊಂಡು, ಪೊಲೀಸ್ ವೆರಿಫಿಕೇಶನ್‌ಗೆ ಪುಣೆಯ ವಿಳಾಸದ ಕಾಗದ ಸರಿ ಮಾಡ್ಕೊಂಡು. ಅಮೆರಿಕಕ್ಕಾದ್ರೆ ಯೂನಿವರ್ಸಿಟಿಯಿಂದ ಡಿಎಸ್-2019 ಅನ್ನೋ ಫಾರ್ಮ್ ಬಂದ ಮೇಲೆ ಜೆ-1 (ವಿನಿಮಯಕ್ಕೆ ಬರೋರ) ವೀಸಾ, ಸಂದರ್ಶನ ಮುಂಬೈನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ. ಬೆಳಿಗ್ಗೆ ಇದ್ರೆ ಹಿಂದಿನ ರಾತ್ರಿನೇ ಮಾಟುಂಗಾದಲ್ಲೋ ದಾದರಿನಲ್ಲೋ ಸಂಬಂಧಿಕರ ಮನೇಲಿ ಉಳ್ಕೊಳ್ರಿ. ಇನ್ನು ಇಮೇಲ್ ಡ್ರಾಫ್ಟ್ ಬರೆದಿದ್ರೆ ನನಗೆ ಕಳಿಸ್ರಿ, ಜೊತೆಗೆ ನೀವು ಓದಿದ ಆ ಪೇಪರ್‌ನೂ ಕಳಿಸ್ರಿ, ಎರಡೂ ಓದಿ ಉತ್ತರ ಬರೀತೀನಿ.