ನೊಣ ತಿಂದವನ ನೆನಪುಗಳು

ನಮ್ಮ ಬ್ಯಾಚಿನವರು ಎಲ್ಲಾದರೂ ಸಿಕ್ಕರೆ ಈಗಲೂ ನನ್ನನ್ನು ‘ನೊಣ’ ಅಂತಲೇ ಕೂಗುತ್ತಾರೆ. ಪಕ್ಕದಲ್ಲಿ ಹೆಂಡತಿ ಮಕ್ಕಳಿದ್ದಾರೆ ಎಂಬ ದಾಕ್ಷಿಣ್ಯವೂ ಇಲ್ಲ. 1980ರ ದಶಕದ ನಡುವಿನಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ನಾವು ‘ಡ್ರಾಕುಲಾ’ ನಾಟಕವನ್ನು ಕನ್ನಡದಲ್ಲಿ ಆಡಿದೆವು. ಅದರಲ್ಲಿ ನನ್ನದು ರೆನ್‌ಫೀಲ್ಡ್ ಪಾತ್ರ. ಹುಚ್ಚಾಸ್ಪತ್ರೆಯಲ್ಲಿದ್ದುಕೊಂಡು ನೊಣ, ಜೇಡ ಹಿಡಿದು ಬಾಯಿಗೆ ಹಾಕಿಕೊಳ್ಳುವ ರೋಗಿ. ನಾನು ತಿಂದದ್ದು ಒಣದ್ರಾಕ್ಷಿ. ಹೇಳಿದರೆ ಯಾರೂ ನಂಬುವುದಿಲ್ಲ.

ವಾರ್ಷಿಕೋತ್ಸವಕ್ಕೆ ಶೇಕ್ಸ್‌ಪಿಯರನೋ ಇಬ್ಸನ್ನೋ ಇರುತ್ತದೆ ಅಂದುಕೊಂಡಿದ್ದ ನಮಗೆ ಮೇಷ್ಟ್ರು ರಕ್ತ ಹೀರುವವನ ನಾಟಕ ತಂದು ಮುಂದಿಟ್ಟಾಗ ಒಬ್ಬ ಕೇಳಿಯೇಬಿಟ್ಟ, “ಇದು ಪರೀಕ್ಷೆಗೆ ಬರುತ್ತಾ ಸಾರ್?” “ಬರೋದಿಲ್ಲ ಕಣಯ್ಯ, ಅದಕ್ಕೇ ಮಾಡೋಣ” ಅಂದರು. ಅವರ ಮಾತಿನಲ್ಲಿ ಸುಮ್ಮನೆ ಉಡಾಫೆ ಇರಲಿಲ್ಲ. ಡ್ರಾಕುಲಾನನ್ನು ಹುಟ್ಟಿಸಿದ ಬ್ರ್ಯಾಮ್ ಸ್ಟೋಕರ್ ಮೂಲತಃ ರಂಗಭೂಮಿಯ ಮನುಷ್ಯ ಎಂಬುದು ನಮಗೆ ಗೊತ್ತಾದದ್ದೇ ಆಗ. ಡಬ್ಲಿನ್ನಿನಲ್ಲಿ ಸರ್ಕಾರಿ ಗುಮಾಸ್ತೆಯ ಕೆಲಸ ಮಾಡಿಕೊಂಡು, ಪತ್ರಿಕೆಗೆ ಸಂಬಳವಿಲ್ಲದೆ ನಾಟಕ ವಿಮರ್ಶೆ ಬರೆಯುತ್ತಿದ್ದವನು, 1878ರಲ್ಲಿ ನಟ ಹೆನ್ರಿ ಇರ್ವಿಂಗ್‌ನ ಹಿಂದೆ ಲಂಡನ್ನಿಗೆ ಹೋಗಿ ಲೈಸಿಯಮ್ ಥಿಯೇಟರಿನ ಮ್ಯಾನೇಜರ್ ಆದ. ಟಿಕೆಟ್ಟಿನ ಲೆಕ್ಕ, ನಟರ ಜಗಳ, ಊರೂರು ಸುತ್ತುವ ಪ್ರವಾಸ ಎಲ್ಲದರ ನಡುವೆ ಬರೆದ ಕಾದಂಬರಿ ಅದು. ನಾಟಕದ ಹಕ್ಕು ಬೇರೆಯವರ ಪಾಲಾಗಬಾರದೆಂದು 1897ರ ಮೇ 18ರಂದು, ಪುಸ್ತಕ ಹೊರಬೀಳುವ ಮೊದಲೇ, ಲೈಸಿಯಮ್ಮಿನಲ್ಲಿ ನಟರಿಂದ ಅದನ್ನು ಗಂಟೆಗಟ್ಟಲೆ ಓದಿಸಿದ್ದ. ಅದಾಗಿ ನಿಜವಾದ ನಾಟಕ ಬರಲು 1924 ಆಗಬೇಕಾಯಿತು. ಅಷ್ಟರಲ್ಲಿ ಸ್ಟೋಕರ್ ತೀರಿಕೊಂಡು ಹನ್ನೆರಡು ವರ್ಷ.

ಆ ನಾಟಕ ಬರೆದ ಹ್ಯಾಮಿಲ್ಟನ್ ಡೀನ್ ಒಬ್ಬ ಕಂಪನಿ ಮಾಲೀಕ. ನಮ್ಮ ಗುಬ್ಬಿ ವೀರಣ್ಣನವರ ಜಾತಿಯವನು ಅನ್ನಿ: ನಟನೂ ಅವನೇ, ಯಜಮಾನನೂ ಅವನೇ. ಡರ್ಬಿ ಊರಿನಲ್ಲಿ ಮೊದಲು ಆಡಿಸಿದ. 1927ರಲ್ಲಿ ಅಮೆರಿಕಕ್ಕೆಂದು ಜಾನ್ ಬಾಲ್ಡರ್‌ಸ್ಟನ್ ಅದನ್ನು ತಿದ್ದಿ ಬರೆದ, ಬೆಲಾ ಲುಗೋಸಿ ಡ್ರಾಕುಲಾ ಆದ, ಬ್ರಾಡ್‌ವೇಯಲ್ಲಿ 261 ಪ್ರಯೋಗ ಕಂಡಿತು. ನಮ್ಮ ಕೈಗೆ ಬಂದದ್ದು ಈ ಎರಡನೆಯ ಪಾಠ. ಎಂಟೇ ಪಾತ್ರ, ಮೂರು ಅಂಕ. ಟ್ರಾನ್ಸಿಲ್ವೇನಿಯದ ಕೋಟೆಯೂ ಇಲ್ಲ, ಸಾರೋಟೂ ಇಲ್ಲ. ಲಂಡನ್ನಿನ ಹತ್ತಿರದ ಪರ್ಲಿಯಲ್ಲಿ ಡಾಕ್ಟರ್ ಸೀವರ್ಡ್‌ನ ಆಸ್ಪತ್ರೆಯಲ್ಲೇ ಮುಕ್ಕಾಲು ಕಥೆ ನಡೆದುಹೋಗುತ್ತದೆ. ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ನಾಟಕ.

ದುಡ್ಡು ಇಲ್ಲದಿದ್ದರೂ ಒಂದು ಕಡೆ ತಲೆ ಕೆಡಿಸಿಕೊಳ್ಳಲೇಬೇಕಾಯಿತು. ಡ್ರಾಕುಲಾ ಅಂದಕೂಡಲೇ ಎಲ್ಲರ ಕಣ್ಣಿಗೂ ಬರುವ, ಕಾಲರ್ ಎತ್ತಿ ನಿಲ್ಲಿಸಿದ ಕರಿ ನಿಲುವಂಗಿ ಕಾದಂಬರಿಯಿಂದ ಬಂದದ್ದಲ್ಲ, ರಂಗದ ಕಸುಬಿನಿಂದ ಬಂದದ್ದು. ನಟ ಪ್ರೇಕ್ಷಕರಿಗೆ ಬೆನ್ನು ಹಾಕಿದಾಗ ಆ ಕಾಲರ್ ತಲೆಯನ್ನು ಪೂರ್ತಿ ಮುಚ್ಚುತ್ತದೆ. ಇಬ್ಬರು ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುವಂತೆಯೇ ಅವನು ಅದರೊಳಗಿಂದ ಜಾರಿ, ನೆಲದ ಹಲಗೆಯ ಬಾಗಿಲಿನಿಂದ ಕೆಳಗಿಳಿಯುತ್ತಾನೆ; ಹಿಡಿದವರ ಕೈಯಲ್ಲಿ ಬಟ್ಟೆ ಮಾತ್ರ ಉಳಿಯುತ್ತದೆ. 1820ರಲ್ಲಿ ಲಂಡನ್ನಿನಲ್ಲಿ ಆಡಿದ ರಕ್ತಪಿಪಾಸುವಿನ ನಾಟಕವೊಂದಕ್ಕಾಗಿ ಮಾಡಿಸಿದ ಅಂಥ ಕಳ್ಳಬಾಗಿಲಿಗೆ ರಂಗಭೂಮಿಯಲ್ಲಿ ಇವತ್ತಿಗೂ ‘ವ್ಯಾಂಪೈರ್ ಟ್ರ್ಯಾಪ್’ ಅಂತಲೇ ಹೆಸರು. ನಮಗೆ ವೇದಿಕೆಯ ಹಲಗೆ ಕೊಯ್ಯಲು ಯಾರು ಬಿಡುತ್ತಾರೆ? ಹಿಂದಿನ ಕರಿ ಪರದೆಯಲ್ಲಿ ಉದ್ದಕ್ಕೆ ಒಂದು ಸೀಳು ಮಾಡಿ, ಕಾಲರಿನೊಳಗೆ ಕಬ್ಬಿಣದ ತಂತಿ ಹೊಲಿದು, ನಮ್ಮ ಕೌಂಟನನ್ನು, ಅಂದರೆ ಡ್ರಾಕುಲಾನನ್ನು, ಆ ಸೀಳಿನಿಂದ ಹಿಂದಕ್ಕೆ ಎಳೆದುಕೊಳ್ಳುವ ಏರ್ಪಾಡಾಯಿತು. ಎಳೆಯುವ ಹೊತ್ತಿಗೆ ದೀಪ ಸರಿಯಾಗಿ ಇಳಿಯಬೇಕು. ದೀಪದ ಡಿಮ್ಮರ್ ಎಂದರೆ ಉಪ್ಪುನೀರು ತುಂಬಿದ ಮಡಕೆ, ಅದರೊಳಗೆ ಲೋಹದ ತಗಡು. ತಗಡನ್ನು ಮೇಲಕ್ಕೆತ್ತಿದರೆ ಬೆಳಕು ಇಳಿಯುತ್ತದೆ, ಕೆಳಗಿಳಿಸಿದರೆ ಏರುತ್ತದೆ. ಈಗಿನ ಮಕ್ಕಳು ಅದನ್ನು ನೋಡಿದರೆ ರಕ್ತಪಿಪಾಸುವಿಗಿಂತ ಅದಕ್ಕೇ ಹೆಚ್ಚು ಹೆದರುತ್ತಾರೆ. ಫಿಸಿಕ್ಸ್ ವಿಭಾಗದ ಗೆಳೆಯನೊಬ್ಬ ರಬ್ಬರ್ ಚಪ್ಪಲಿ ಹಾಕಿಕೊಂಡು ನಾಟಕ ಮುಗಿಯುವವರೆಗೂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

ಮಂಜಿಗೆ ಸಾಂಬ್ರಾಣಿ ಹೊಗೆ ಹಾಕಿದೆವು. ನೋಡಲು ಚೆನ್ನಾಗಿಯೇ ಇತ್ತು, ಆದರೆ ಇಡೀ ಸಭಾಂಗಣ ಶುಕ್ರವಾರದ ದೇವರಮನೆಯ ಹಾಗೆ ಘಮಘಮಿಸಿತು.

ಬಣ್ಣ ಹಚ್ಚಲು ಬಂದವರು ಕಂಪನಿ ನಾಟಕಗಳಲ್ಲಿ ಪಳಗಿದ ಹಿರಿಯರು. ಪಾತ್ರ ಎಂಥದ್ದು ಎಂದು ಕೇಳಿದರು. “ರಾತ್ರಿ ಎದ್ದು ಬಂದು ರಕ್ತ ಕುಡಿಯೋನು” ಅಂದೆವು. “ರಾಕ್ಷಸ ಅನ್ನಿ” ಎಂದವರೇ ಕೌಂಟನಿಗೆ ಕಿವಿಯವರೆಗೆ ಮೀಸೆ ಬರೆದುಬಿಟ್ಟರು. ನಮ್ಮ ಹುಡುಗ ಅಳುವುದೊಂದು ಬಾಕಿ. ಮೇಷ್ಟ್ರು ಮಾತ್ರ ನಕ್ಕು, ಕಾದಂಬರಿ ತೆಗೆದು ನೋಡಿ ಅಂದರು. ನಿಜ, ಸ್ಟೋಕರನ ಕೌಂಟನಿಗೆ ಉದ್ದನೆಯ ಬಿಳಿ ಮೀಸೆಯಿದೆ! ಸಿನಿಮಾದ ಲುಗೋಸಿಗೆ ಮಾತ್ರ ಅದಿಲ್ಲ. ಆದರೂ ಮೀಸೆ ಅಳಿಸಿಯೇ ಆಡಿದೆವು. ನಮ್ಮ ಪ್ರೇಕ್ಷಕರೂ ಸಿನಿಮಾ ನೋಡಿದವರೇ ತಾನೆ. ಕೋರೆಹಲ್ಲು ಕಟ್ಟಿದರೆ ಮಾತು ತೊದಲುತ್ತಿತ್ತು, ಅದನ್ನೂ ಬಿಟ್ಟೆವು. 1931ರ ಚಿತ್ರದಲ್ಲಿ ಲುಗೋಸಿಗೂ ಕೋರೆಹಲ್ಲು ಇರಲಿಲ್ಲವಲ್ಲ.

ಅನುವಾದದಲ್ಲಿ ಮೇಷ್ಟ್ರು ಎರಡು ಕಡೆ ಮೂಲವನ್ನು ಮೀರಿದರು. 1927ರ ಪಾಠದಲ್ಲಿ ಕೌಂಟನನ್ನು ದೂರ ಇಡುವುದು ಬೆಳ್ಳುಳ್ಳಿಯಲ್ಲ, ವತ್ಸನಾಭಿಯ ಗಿಡ. ಅದನ್ನು ಕಂಡವರು ಯಾರು? ಕಾದಂಬರಿಯ ಬೆಳ್ಳುಳ್ಳಿಗೇ ಮರಳಿ, ದೇವರಾಜ ಮಾರುಕಟ್ಟೆಯಿಂದ ಗೊಂಚಲು ಗೊಂಚಲಾಗಿ ತಂದೆವು. ನಾಟಕ ಮುಗಿದ ಮೇಲೆ ಅದು ಹಾಸ್ಟೆಲ್ ಅಡುಗೆಮನೆ ಸೇರಿ ಒಂದು ವಾರ ಸಾರಿನಲ್ಲಿ ತೇಲಿತು. ಇನ್ನೊಂದು ನನ್ನ ಪಾತ್ರಕ್ಕೆ ಸಂಬಂಧಿಸಿದ್ದು. ಮನೆಯವರು ಯಾರಾದರೂ ಕರೆಯದೆ ಡ್ರಾಕುಲಾ ಮೊದಲ ಸಲ ಒಳಗೆ ಕಾಲಿಡುವಂತಿಲ್ಲ ಎಂಬ ಕಟ್ಟಳೆ ಕಾದಂಬರಿಯಲ್ಲಿದೆ. ಆಸ್ಪತ್ರೆಯೊಳಕ್ಕೆ ಅವನನ್ನು ಬಾ ಎಂದು ಕರೆಯುವವನು ರೆನ್‌ಫೀಲ್ಡ್. ಆ ಗಳಿಗೆಯನ್ನು ಮೇಷ್ಟ್ರು ನನಗಾಗಿ ಮಾತಿನಲ್ಲಿ ಹೆಣೆದುಕೊಟ್ಟರು. ಕತ್ತಲಲ್ಲಿ ಯಾರಾದರೂ ಹೆಸರು ಹಿಡಿದು ಕೂಗಿದರೆ ಮೂರು ಸಲ ಕೂಗುವವರೆಗೆ ಓಗೊಡಬಾರದು ಎಂದು ಅಜ್ಜಿಯಿಂದ ಕೇಳಿ ಬೆಳೆದವರೇ ಎದುರಿಗೆ ಕೂತಿದ್ದರು. ಹೊರಗಿನಿಂದ ಒಂದು ಕೂಗು, ಎರಡು ಕೂಗು. ಎರಡನೆಯದಕ್ಕೇ ನಾನು ತಿರುಗಿ ನೋಡಿದಾಗ ಹಿಂದಿನ ಸಾಲಿನಿಂದ ಯಾರೋ “ಅಯ್ಯೋ, ಹೂಂ ಅನ್ಬೇಡ ಕಣೋ” ಎಂದು ಕೂಗಿಯೇಬಿಟ್ಟರು. ಮುಂದೆ ಹತ್ತು ವರ್ಷ ಕಳೆದು ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡಾಗಲೆಲ್ಲ ನನಗೆ ನೆನಪಾದದ್ದು ಆ ದನಿ.

ಕೌಂಟನ ಪ್ರವೇಶಕ್ಕೆ ಮಾತ್ರ ಸಿಳ್ಳೆಯೋ ಸಿಳ್ಳೆ. ಎತ್ತರದ ಹುಡುಗ, ಹಾಸ್ಟೆಲಿನಲ್ಲಿ ಎಲ್ಲರಿಗೂ ಬೇಕಾದವನು, ಹೆದರುವವರು ಯಾರು? ಅವನಿಗೆ ಅದರಿಂದ ಬೇಸರವಾಯಿತು, ಆದರೆ ತಪ್ಪು ಅವನದಲ್ಲ. ಎಣಿಸಿ ನೋಡಿದರೆ ಕೌಂಟ್ ರಂಗದ ಮೇಲೆ ಇರುವುದೇ ಕಡಿಮೆ ಹೊತ್ತು, ಆಡುವ ಮಾತೂ ಕಡಿಮೆ. ಅವನು ಇಲ್ಲದಾಗ ಉಳಿದವರು ಅವನಿಗಾಗಿ ಹೇಗೆ ಕಾಯುತ್ತಾರೆ ಎಂಬುದರ ಮೇಲೆ ನಾಟಕ ನಿಂತಿದೆ. ಕಂಪನಿ ಮಾಲೀಕ ಡೀನ್ ಮೊದಲು ಕೌಂಟನ ವೇಷವನ್ನೇ ಬಯಸಿ, ಆಮೇಲೆ ಕೌಂಟನ ಬೆನ್ನುಹತ್ತುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಆದನಂತೆ. ನಟನ ಕಣ್ಣಿಗೆ ಮಾತು ಎಲ್ಲಿದೆ ಎಂದು ಕಾಣುತ್ತದೆ.

ನಮ್ಮ ಸಿಳ್ಳೆಗಳನ್ನು ನಿಲ್ಲಿಸಿದವಳು ಸೇವಕಿಯ ವೇಷದ ಹುಡುಗಿ. ಕೊಳ್ಳೇಗಾಲದ ಕಡೆಯವಳು, ತರಗತಿಯಲ್ಲಿ ಹಾಜರಿಗೆ ಬಿಟ್ಟರೆ ಬೇರೆ ದನಿ ಕೇಳಿದವರಿಲ್ಲ. ಕೌಂಟನ ವಶೀಕರಣಕ್ಕೆ ಸಿಕ್ಕಿ, ಮಲಗಿರುವ ಯಜಮಾನನ ಮಗಳ ಕೊರಳಿನಿಂದ ಶಿಲುಬೆಯ ಸರ ತೆಗೆಯುವುದಷ್ಟೇ ಅವಳ ಕೆಲಸ. ತಾಲೀಮಿನಲ್ಲಿ ನಾವೆಲ್ಲ ಅವಳಿಗೆ ಕೈ ಮುಂದೆ ಚಾಚಿ ನಡೆಯಲು, ಕಣ್ಣು ಮೇಲೆ ಮಾಡಲು ಹೇಳಿಕೊಟ್ಟಿದ್ದೆವು. ಅವಳು ಅದಾವುದನ್ನೂ ಮಾಡಲಿಲ್ಲ. ದಿನಾ ಸಂಜೆ ಮಾಡುವ ಕೆಲಸದಂತೆ ಬಂದು ಹೊದಿಕೆ ಸರಿಮಾಡಿದಳು, ನೀರಿನ ಲೋಟಕ್ಕೆ ಮುಚ್ಚಳ ಇಟ್ಟಳು, ಬೆಳ್ಳುಳ್ಳಿಯ ಮಾಲೆಯನ್ನು ಕಸ ತೆಗೆಯುವ ಹಾಗೆ ತೆಗೆದು ಸೆರಗಿಗೆ ಹಾಕಿಕೊಂಡಳು. (ಇಂಗ್ಲೆಂಡಿನ ಸೇವಕಿಗೆ ಸೆರಗೆಲ್ಲಿಂದ ಬಂತು ಎಂದು ಆಮೇಲೆ ಒಬ್ಬ ಪ್ರೊಫೆಸರು ಕೇಳಿದರು, ಉಡುಪು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಗೌನು ಇರಲಿಲ್ಲ ಸಾರ್.) ಕೊನೆಗೆ ಸರದ ಕೊಂಡಿ ಬಿಚ್ಚಿದಳು. ಸಭಾಂಗಣದಲ್ಲಿ ಒಂದು ಕೆಮ್ಮು ಕೂಡ ಇಲ್ಲ. ಸೈಡ್‌ವಿಂಗಿನಲ್ಲಿ ಒಣದ್ರಾಕ್ಷಿಯ ಪೊಟ್ಟಣ ಹಿಡಿದು ನಿಂತಿದ್ದ ನನಗೇ ಮೈ ಜುಮ್ಮೆಂದಿತು, ಪ್ರಾಂಪ್ಟರ್ ಪುಟ ತಿರುಗಿಸುವುದನ್ನು ಮರೆತ.

ಈಗಿನ ವಿದ್ಯಾರ್ಥಿಗಳು ಇದನ್ನು ಮತ್ತೆ ಆಡುವ ಯೋಚನೆಯಲ್ಲಿದ್ದಾರೆಂದು ಕೇಳಿದೆ. ಸಂತೋಷ. ಸೈಕ್ಲೋಸ್ಟೈಲ್ ಮಾಡಿದ ಕನ್ನಡ ಪಾಠ ನನ್ನ ಬಳಿಯಿದೆ, ಕೆಲವು ಪುಟ ಮಾಸಿವೆ, ಓದಲು ಅಡ್ಡಿಯಿಲ್ಲ. ದೀಪಕ್ಕೆ ಮಡಕೆ ಬೇಡ, ಒಳ್ಳೆಯ ಡಿಮ್ಮರ್ ಬಾಡಿಗೆಗೆ ತನ್ನಿ. ಕೌಂಟನಿಗೆ ಎತ್ತರದ ಹುಡುಗನನ್ನು ಹುಡುಕುವ ಮೊದಲು ಸೇವಕಿಯ ಪಾತ್ರಕ್ಕೆ ಯಾರು ಎಂದು ತೀರ್ಮಾನ ಮಾಡಿಕೊಳ್ಳಿ. ರೆನ್‌ಫೀಲ್ಡ್ ಆಗುವ ಹುಡುಗನಿಗೆ ಬೀಜವಿಲ್ಲದ ದ್ರಾಕ್ಷಿ ಕೊಡಿ.